ಇಲಿಕೋಣೆಯ ಹೊರಗಿನ ಬೆಂಚು

ಮನಸ್ಸಿನ ಮೇಲೆ ಬಿದ್ದ ಭಾರ ಮಿದುಳಿನೊಳಗೆ ಇಳಿದು ಏನು ಮಾಡುತ್ತದೆ ಎಂದು ಕೇಳಿದವರಿಗೆ ಬೆಲ್‌ಗ್ರೇಡಿನಲ್ಲಿ ಎಂದೂ ಬರವಿರಲಿಲ್ಲ. ನಮ್ಮ ಊರು ಆ ಪ್ರಶ್ನೆಯನ್ನು ಪಾದ್ರಿಗಳ ಮುಂದಿಟ್ಟಿದೆ, ಕಾಫಿಯ ಗಸಿ ನೋಡಿ ಭವಿಷ್ಯ ಹೇಳುವವರ ಮುಂದಿಟ್ಟಿದೆ, ಪ್ಲಮ್ ಹಣ್ಣಿನ ಸಾರಾಯಿಯ ಮುಂದೆಯೂ ಬೇಕಾದಷ್ಟು ಸಲ ಇಟ್ಟಿದೆ. ಅದನ್ನು ಇಲಿಯ ಮಿದುಳಿನ ಒಂದೊಂದೇ ಜೀವಕೋಶದ ಮುಂದಿಟ್ಟು, ಮೂರೂವರೆ ದಶಕಗಳ ಕಾಲ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡದೆ ಉತ್ತರ ಹುಡುಕಿದವರು ಡಾ. ವಿದೋಸಾವಾ ಪ್ರೊದಾನೊವಿಚ್ ಅವರು. ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಸಹೋದ್ಯೋಗಿಗಳೂ ಶಿಷ್ಯರೂ ಸೇರಿ ಈ ಗ್ರಂಥವನ್ನು ಅವರಿಗೆ ಅರ್ಪಿಸುತ್ತಿರುವುದು ಉಚಿತವೇ ಆಗಿದೆ.

ಗ್ರಂಥದ ವಿಷಯ ತಿಳಿಸಲು ಸಂಪಾದಕ ಮಂಡಳಿಯವರು ಹೋದಾಗ ಅವರಿಗೆ ಸಂತೋಷವಾದಂತೇನೂ ಕಾಣಲಿಲ್ಲ. ಸತ್ತವರ ಮನೆಯಲ್ಲಿ ಊಟಕ್ಕೆ ಕೂತಾಗ ಆಡಬೇಕಾದ ಮಾತುಗಳನ್ನು ಬದುಕಿರುವಾಗಲೇ ಅಚ್ಚು ಹಾಕಿಸಲು ನಿಮಗೇನು ಅವಸರ ಎಂದು ಕೇಳಿದರಂತೆ. ಕೊನೆಗೆ ಒಂದೇ ಷರತ್ತಿನ ಮೇಲೆ ಒಪ್ಪಿದರು. ತಮ್ಮ ಬಗ್ಗೆ ಯಾರು ಏನೇ ಬರೆದರೂ ಸ್ಮಿಲ್ಯಾ ವುಕೊಬ್ರಾತಳನ್ನು ಬಿಟ್ಟು ಬರೆಯಕೂಡದು ಎಂಬುದೇ ಆ ಷರತ್ತು. ಉಳಿದ ಲೇಖಕರು ಆ ಹೆಸರನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿ ಕೈತೊಳೆದುಕೊಂಡಿದ್ದಾರೆ. ವಿದೋಸಾವಾ ಅವರ ಪಕ್ಕದ ಮೇಜಿನಲ್ಲಿ ಅಷ್ಟೂ ವರ್ಷ ಕೂತ ಈ ಲೇಖನದ ಕರ್ತೃವಿಗೆ ಆ ಸೌಕರ್ಯವಿಲ್ಲ.

ವಿದೋಸಾವಾ ಅವರು ವಾಲ್ಯೆವೊ ಕಡೆಯವರು. ತಂದೆ ರೈಲ್ವೆಯಲ್ಲಿ ಕೈಮರ ಎಳೆಯುವ ಕೆಲಸದಲ್ಲಿದ್ದವರು. ತಪ್ಪಾದರೆ ಜನ ಸಾಯುತ್ತಾರೆ ಎಂಬ ಮಾತನ್ನು ಊಟದ ಮೇಜಿನಲ್ಲಿ ಕೇಳುತ್ತಲೇ ಬೆಳೆದ ಮಗಳು, ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಸಂಸ್ಥೆಗೆ ಬಂದಾಗಲೇ, ಒಂದು ಅಳತೆಯನ್ನು ಎರಡು ಸಲ ತೆಗೆಯದೆ ನಂಬದ ಸ್ವಭಾವವನ್ನು ಜೊತೆಗೆ ತಂದಿದ್ದರು. ಅವರ ಜೀವಮಾನದ ಕೆಲಸ ಹುಟ್ಟಿದ್ದೂ ಈ ಶಂಕೆಯಿಂದಲೇ. ಇಲಿಗಳು ಆಗ ದೂರದ ಸಾಕಣೆಕೇಂದ್ರದಿಂದ ಲಾರಿಯಲ್ಲಿ ಬರುತ್ತಿದ್ದವು. ಬಂದ ದಿನವೇ ಪರೀಕ್ಷಿಸಿದ ಇಲಿಯ ಮಿದುಳಿಗೂ ನಾಲ್ಕಾರು ವಾರ ನಮ್ಮಲ್ಲಿ ಉಂಡು ಮಲಗಿದ ಇಲಿಯ ಮಿದುಳಿಗೂ ವ್ಯತ್ಯಾಸ ಕಾಣುತ್ತಿತ್ತು. ಹಿರಿಯರು ಅದನ್ನು ಲಾರಿಯ ಕುಲುಕಾಟವೆಂದು ತಳ್ಳಿಹಾಕುತ್ತಿದ್ದರು. ಇವರು ಆ ಕುಲುಕಾಟವನ್ನೇ ಹಿಡಿದು ಕೂತರು.

ಜೀವಕೋಶವೆಂದರೆ ಸಂಸಾರವಂದಿಗರ ಮನೆ. ದಿನ ಬೆಳಗಾದರೆ ಅಲ್ಲಿ ಒಡೆದದ್ದು, ಹಳಸಿದ್ದು, ಮುರಿದದ್ದು ಬೀಳುತ್ತಲೇ ಇರುತ್ತದೆ. ಆರೋಗ್ಯವಾಗಿರುವ ಕೋಶ ಅದನ್ನೆಲ್ಲ ತೆಳ್ಳನೆಯ ಪೊರೆಯ ಚೀಲದಲ್ಲಿ ಕಟ್ಟಿ, ಕರಗಿಸುವ ಗುಡಾಣಕ್ಕೆ ಸುರಿದು, ಇಳಿದ ಸಾರವನ್ನು ಮತ್ತೆ ಮನೆಗೇ ಬಳಸಿಕೊಳ್ಳುತ್ತದೆ. ಶಾಸ್ತ್ರದಲ್ಲಿ ಆಟೊಫೇಜಿ ಎನ್ನುವ ಈ ಗುಡಿಸುವ ಕೆಲಸ ಎಲ್ಲ ಅಂಗಕ್ಕೂ ಬೇಕು. ಮಿದುಳಿಗಂತೂ ಅದಿಲ್ಲದೆ ಗತಿಯಿಲ್ಲ, ಏಕೆಂದರೆ ಚರ್ಮದ ಕೋಶ ಸತ್ತರೆ ಮತ್ತೊಂದು ಬರುತ್ತದೆ, ಮಿದುಳಿನದು ಹುಟ್ಟಿದ ಮನೆಯಲ್ಲೇ ಕೊನೆತನಕ ಬಾಳಬೇಕು. ಸ್ವಲ್ಪ ಹೊತ್ತಿನ ಭಯಕ್ಕೆ ಈ ಕೆಲಸ ಚುರುಕಾಗುತ್ತದೆ. ಭಯ ಮನೆಯಲ್ಲೇ ಬೀಡುಬಿಟ್ಟರೆ ಅರ್ಧಕ್ಕೆ ನಿಲ್ಲುತ್ತದೆ. ಕಸವನ್ನು ಕಟ್ಟಿದ್ದಾಗಿದೆ, ಸುರಿಯುವವರಿಲ್ಲ. ಬಿಚ್ಚದ ಚೀಲಗಳು ಮೂಲೆಯಲ್ಲಿ ಒಂದರ ಮೇಲೊಂದು ಬೀಳುತ್ತ ಹೋಗುತ್ತವೆ. ಆ ಚೀಲಗಳನ್ನು ಗುರುತಿಸುವುದರಲ್ಲಿ ವಿದೋಸಾವಾ ಅವರ ಕಣ್ಣಿಗೆ ಸಮನಾದ ಕಣ್ಣು ನಮ್ಮಲ್ಲಿ ಇನ್ನೊಂದಿರಲಿಲ್ಲ.

ಇಂಥ ಕೆಲಸಕ್ಕೆ ಎರಡು ಬಗೆಯ ಇಲಿಗಳು ಬೇಕು. ಇಕ್ಕಟ್ಟಿನ ಕೊಳವೆಯಲ್ಲಿ ಕೂರಿಸಿ ಕಾಡಿಸಿದ ಇಲಿಗಳು ಎಡಗಡೆ ಗೋಡೆಗೆ, ಏನೂ ಕಷ್ಟವಿಲ್ಲದೆ ಬೆಳೆದ ಇಲಿಗಳು ಬಲಗಡೆ ಗೋಡೆಗೆ. ಇಲಿಕೋಣೆಯನ್ನು ನೋಡಿಕೊಳ್ಳುತ್ತಿದ್ದ ಯಾಗೊದಾ ಅವಕ್ಕೆ ಕಷ್ಟದ ಸಾಲು, ನೆಮ್ಮದಿಯ ಸಾಲು ಎಂದು ಹೆಸರಿಟ್ಟಿದ್ದಳು. ಹೆಸರು ಹಾಗೆಯೇ ನಿಂತಿತು. ಬೇರೆ ದೇಶದ ಪ್ರಯೋಗಾಲಯಗಳಲ್ಲಿ ಕಷ್ಟದ ಸಾಲನ್ನು ಸಿದ್ಧಮಾಡಲು ತಲೆ ಕೆಡಿಸಿಕೊಳ್ಳುತ್ತಾರೆ. ತೊಂಬತ್ತರ ದಶಕದ ಬೆಲ್‌ಗ್ರೇಡಿನಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿದ್ದದ್ದು ನೆಮ್ಮದಿಯ ಸಾಲಿಗೆ.

ನೆಮ್ಮದಿಯ ಇಲಿಗಳನ್ನು ದಿನವೂ ಒಬ್ಬರು ಕೈಯಲ್ಲಿ ಹಿಡಿದು, ಸವರಿ, ಮನುಷ್ಯರ ಭಯ ಬಿಡಿಸಬೇಕು. ಆಗ ಊರಿನಲ್ಲಿ ಬೆಳಗ್ಗೆ ರೊಟ್ಟಿಗೆ ಸಾಲು ನಿಂತು, ಬಸ್ಸಿನಲ್ಲಿ ಬೈಸಿಕೊಂಡು, ಗಡಿಯಾಚೆಯ ಯುದ್ಧದಲ್ಲಿರುವ ಅಣ್ಣನ ಸುದ್ದಿಗೆ ಕಿವಿಗೊಟ್ಟು ಬಂದವರ ಕೈ ಹೇಗಿರಬೇಕೋ ಹಾಗೆಯೇ ಇರುತ್ತಿತ್ತು. ಆದ್ದರಿಂದ ವಿದೋಸಾವಾ ಅವರು ಇಲಿಕೋಣೆಯ ಬಾಗಿಲ ಹೊರಗೆ ಒಂದು ಮರದ ಬೆಂಚು ಹಾಕಿಸಿದರು. ಒಳಗೆ ಹೋಗುವವರು ಮೊದಲು ಅಲ್ಲಿ ಕೂತು ಯಾಗೊದಾ ಕಾಸಿಕೊಟ್ಟ ಕಾಫಿ ಕುಡಿಯಬೇಕು. ಹೇಗಿದ್ದೀಯ ಎಂದು ಒಬ್ಬರು ಕೇಳಬೇಕು. ಚೆನ್ನಾಗಿದ್ದೀನಿ ಎಂದವರು ಬಲಗಡೆ ಸಾಲಿಗೆ ಹೋಗಬಹುದು. ಚೆನ್ನಾಗಿಲ್ಲ ಎಂದವರು ಆ ದಿನ ಬೇರೆ ಕೆಲಸ ನೋಡಿಕೊಳ್ಳಬೇಕು. ಯಾಕೆ ಏನು ಎಂದು ಯಾರೂ ವಿಚಾರಿಸುವಂತಿಲ್ಲ. ಸುಳ್ಳು ಹೇಳಿದರೆ ಮಾತ್ರ ತಪ್ಪು.

ಆ ದಿನಗಳಲ್ಲಿ ಆ ಬೆಂಚು ನಮಗೆ ಎಷ್ಟು ದೊಡ್ಡ ಆಸರೆಯಾಗಿತ್ತೆಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಊರಿಗೆ ಊರೇ ಚೆನ್ನಾಗಿದ್ದೇವೆಂದು ಹಲ್ಲು ಕಚ್ಚಿ ಓಡಾಡುತ್ತಿದ್ದಾಗ, ಚೆನ್ನಾಗಿಲ್ಲ ಎಂದು ಹೇಳಿ ಯಾರಿಗೂ ವಿವರಣೆ ಕೊಡದೆ ಎದ್ದು ಹೋಗಬಹುದಾದ ಜಾಗ ಅದೊಂದೇ. ನಾವು ಕುಡಿದಿಟ್ಟ ಬಟ್ಟಲನ್ನು ಯಾಗೊದಾ ಮಗುಚಿ, ಗಸಿ ಇಳಿದ ಗೆರೆಗಳನ್ನು ನೋಡಿ, ನಿನಗೆ ದೂರಪ್ರಯಾಣವಿದೆ, ನಿನಗೆ ಶ್ರೀಮಂತ ವಿಧುರ ಸಿಗುತ್ತಾನೆ ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದಳು. ವಿದೋಸಾವಾ ಅವರು ಅದನ್ನು ಕೇಳಿ ಮೂಗು ಮುರಿಯುತ್ತಿದ್ದರು, ತಮ್ಮ ಬಟ್ಟಲನ್ನೂ ಮಗುಚಿಯೇ ಕೊಡುತ್ತಿದ್ದರು. ಸಂಸ್ಥೆಯ ಮುಖ್ಯಸ್ಥರಾಗಿದ್ದ ರಾತೊಮಿರ್ ಅವರು ಮಾತ್ರ ಈ ಪದ್ಧತಿಯನ್ನು ಮೆಚ್ಚಲಿಲ್ಲ. ಹೀಗೇ ಆದರೆ ನಿಮ್ಮ ನೆಮ್ಮದಿಯ ಸಾಲಿಗೆ ಹೋಗಲು ಕೊನೆಗೆ ಕುಡುಕರು, ಮಂತ್ರಿಗಳು ಇಬ್ಬರೇ ಉಳಿಯುತ್ತಾರೆ ಎಂದು ಹಂಗಿಸುತ್ತಿದ್ದರು.

ವಿದೋಸಾವಾ ಅವರ ಔದಾರ್ಯವನ್ನು ಅನುಭವಿಸದವರು ನಮ್ಮಲ್ಲಿ ಇಲ್ಲ. ಸೂಕ್ಷ್ಮದರ್ಶಕದಲ್ಲಿ ತಮ್ಮ ಪಾಲಿಗೆ ಬಂದ ಹೊತ್ತನ್ನು, ಪ್ರಬಂಧ ಮುಗಿಸಲು ಒದ್ದಾಡುತ್ತಿದ್ದ ಕಿರಿಯರಿಗೆ ಕೇಳದೆ ಬಿಟ್ಟುಕೊಟ್ಟವರು ಅವರು. ಬಿಸಿನೀರಿನ ಕೊಳವೆಗಳು ತಣ್ಣಗಿದ್ದ ಚಳಿಗಾಲದಲ್ಲಿ ಮನೆಯಿಂದ ಹೊತ್ತು ತಂದ ಒಲೆಯನ್ನು ತಮ್ಮ ಕೋಣೆಯಲ್ಲಿಡದೆ ವಿದ್ಯಾರ್ಥಿಗಳ ಕೋಣೆಯಲ್ಲಿಟ್ಟವರು. ನಮ್ಮಲ್ಲಿ ಮನೆತನಕ್ಕೊಬ್ಬ ಸಂತ, ಅವನ ದಿನದಂದು ಮಾಡುವ ಹಬ್ಬವೇ ಸ್ಲಾವಾ. ಅವರ ಮನೆಸಂತ ಸಂತ ಜಾರ್ಜ್. ಪ್ರತಿ ಮೇ ತಿಂಗಳಲ್ಲಿ ಆ ಸ್ಲಾವಾ ಹಬ್ಬದಂದು ನಾವೆಲ್ಲ ಅವರ ಮನೆಗೆ ಹೋಗುತ್ತಿದ್ದೆವು. ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ದಿನ ಗೊತ್ತಿದ್ದವರು ತಾವಾಗಿ ಹೋಗಬೇಕು, ಬಂದವರಿಗೆ ಮನೆಯವರು ಉಣಬಡಿಸಬೇಕು. ಹಬ್ಬದ ದುಂಡು ರೊಟ್ಟಿಯನ್ನು ಮನೆಯ ಯಜಮಾನನೂ ಬಂದವರೂ ಕೂಡಿ ಕೈಯಲ್ಲಿ ಹಿಡಿದು ತಿರುಗಿಸಿ ಮುರಿಯಬೇಕು. ಅವರ ಮನೆಯಲ್ಲಿ ಆ ರೊಟ್ಟಿಗೆ ಕೈಹಾಕಲು ಜಾಗ ಸಿಗದಷ್ಟು ಜನ ಸೇರುತ್ತಿದ್ದರು.

ಸ್ಮಿಲ್ಯಾ ನಮ್ಮಲ್ಲಿಗೆ ಬಂದದ್ದು ತೊಂಬತ್ತಾರರ ಶರತ್ಕಾಲದಲ್ಲಿ. ಗಡಿಯಾಚೆಯ ಕ್ರಾಯಿನಾ ಸೀಮೆಯ ಹುಡುಗಿ. ಹಿಂದಿನ ವರ್ಷದ ಆಗಸ್ಟಿನಲ್ಲಿ ಯುದ್ಧಕ್ಕೆ ಹೆದರಿ ಆ ಸೀಮೆಯ ನಮ್ಮ ಜನವೆಲ್ಲ ಗುಳೆ ಎದ್ದಾಗ, ಟ್ರ್ಯಾಕ್ಟರುಗಳ ಸಾಲಿನಲ್ಲಿ ತಂದೆಯ ಜೊತೆ ಹೊರಟಿದ್ದಳು. ತಾಯಿ ಮೊದಲೇ ತೀರಿಕೊಂಡಿದ್ದಳು, ತಂದೆ ದಾರಿಯಲ್ಲಿ ತೀರಿಕೊಂಡ. ಅವನನ್ನು ಎಲ್ಲಿ ಹೂತರೆಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಊರಾಚೆ ಕಟ್ಟಡ ಕಾರ್ಮಿಕರಿಗೆಂದು ಕಟ್ಟಿದ್ದ ಹಳೆಯ ಬಿಡಾರದಲ್ಲಿ ನಿರಾಶ್ರಿತರನ್ನಿಟ್ಟಿದ್ದರು. ಅಲ್ಲಿ ಬಟ್ಟೆಯ ಪರದೆ ಕಟ್ಟಿದ ಅರ್ಧ ಕೋಣೆ ಇವಳದು. ಜೀವಶಾಸ್ತ್ರದ ಓದು ಅರ್ಧಕ್ಕೆ ನಿಂತಿತ್ತು. ಅದನ್ನು ಇಲ್ಲಿ ಮುಂದುವರಿಸಲು ಓಡಾಡಿ ಜಾಗ ಕೊಡಿಸಿದವರು, ಪ್ರಯೋಗಾಲಯದಲ್ಲಿ ಸಣ್ಣದೊಂದು ಕೆಲಸ ಕೊಡಿಸಿದವರು, ತಮ್ಮ ಉಣ್ಣೆಯ ಕೋಟನ್ನು ಹೆಗಲಿಗೆ ಹಾಕಿದವರು ವಿದೋಸಾವಾ ಅವರು.

ಹುಡುಗಿಯ ಕೈ ನೋಡಿ ನಾವೆಲ್ಲ ಬೆರಗಾದೆವು. ಇಲಿ ಎತ್ತುವಾಗ ಅಷ್ಟು ಅಲುಗದ ಕೈಯನ್ನು ಯಾರೂ ಕಂಡಿರಲಿಲ್ಲ. ಬೆಂಚಿನ ಮೇಲೆ ಕೂತು ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು. ಬಿಸಿಲಿನ ದಿನವೂ ಅದೇ ದನಿ, ಹಿಮ ಬಿದ್ದ ದಿನವೂ ಅದೇ ದನಿ. ನಾವು ಅತ್ತ ದಿನವೂ ಅವಳು ಚೆನ್ನಾಗಿಯೇ ಇರುತ್ತಿದ್ದಳು. ಕಾಫಿ ಕುಡಿದ ತಕ್ಷಣ ಎದ್ದು ಬಟ್ಟಲನ್ನು ತೊಳೆದಿಡುತ್ತಿದ್ದಳು, ಮಗುಚಲು ಬಿಡುತ್ತಿರಲಿಲ್ಲ. ಯಾಗೊದಾ ಗೊಣಗಿದರೆ ಮುಗುಳ್ನಗುತ್ತಿದ್ದಳು. ಇಷ್ಟೆಲ್ಲ ಕಂಡೂ ಇಷ್ಟು ಸ್ಥಿರವಾಗಿದ್ದಾಳೆ ನೋಡಿ ಎಂದು ಅವಳನ್ನು ತೋರಿಸಿ ನಮ್ಮ ಮಕ್ಕಳಿಗೆ ಬುದ್ಧಿ ಹೇಳಿದವರು ನಾವು. ನೆಮ್ಮದಿಯ ಸಾಲಿನ ಅರ್ಧವನ್ನು ವಿದೋಸಾವಾ ಅವರು ಅವಳಿಗೆ ಒಪ್ಪಿಸಿದರು. ಉಳಿದರ್ಧ ಯಾಗೊದಾಳದು.

ಮುಂದಿನ ವರ್ಷದ ಬೇಸಿಗೆಯಲ್ಲಿ ಆ ಇಲಿಗಳ ಮಿದುಳಿನ ಚೂರುಗಳು ಸೂಕ್ಷ್ಮದರ್ಶಕಕ್ಕೆ ಬಂದವು. ನೆಮ್ಮದಿಯ ಸಾಲಿನ ಅರ್ಧದಷ್ಟು ಇಲಿಗಳಲ್ಲಿ ಕೋಶಗಳ ತುಂಬ ಬಿಚ್ಚದ ಚೀಲಗಳು. ಕೊಳವೆಯಲ್ಲಿ ಕೂರಿಸಿ ಕಾಡಿಸಿದ ಇಲಿಗಳಿಗಿಂತ ಅವು ಒಂದು ಕೈ ಮೇಲೇ ಇದ್ದವು. ವಿದೋಸಾವಾ ಅವರು ಮೊದಲು ತಮ್ಮ ಕಣ್ಣನ್ನು ಶಂಕಿಸಿದರು, ಆಮೇಲೆ ಕತ್ತರಿಸಿದ ಅಲಗನ್ನು, ಆಮೇಲೆ ಮೇವನ್ನು. ಮೇವು ಬದಲಾಯಿತು. ಪಂಜರಗಳನ್ನು ಕಿಟಕಿಯಿಂದ ದೂರ ಸರಿಸಿದ್ದಾಯಿತು. ಚೀಲಗಳು ಕಡಿಮೆಯಾಗಲಿಲ್ಲ. ಕೊನೆಗೆ ಉಳಿದದ್ದು ಒಂದೇ, ಕೈ. ಅವರು ಯಾರಿಗೂ ಕಾರಣ ಹೇಳದೆ ಎಳೆಯ ಇಲಿಗಳ ಎರಡು ಗುಂಪನ್ನು ಹೊಸದಾಗಿ ಮಾಡಿ, ಯಾಗೊದಾಳ ಕಡೆಯ ಪಂಜರಗಳನ್ನು ಸ್ಮಿಲ್ಯಾಳಿಗೂ ಸ್ಮಿಲ್ಯಾಳ ಕಡೆಯವನ್ನು ಯಾಗೊದಾಳಿಗೂ ಕೊಟ್ಟು ಕಾದರು. ಎಲೆ ಉದುರುವ ಹೊತ್ತಿಗೆ ಉತ್ತರ ಬಂತು. ಸ್ಮಿಲ್ಯಾ ಎಲ್ಲಿಗೆ ಹೋದಳೋ ಚೀಲಗಳು ಅಲ್ಲಿಗೆ ಹೋಗಿದ್ದವು.

ಅವಳ ಬೆವರಿನ ವಾಸನೆಯಿಂದಲೋ, ಹಿಡಿಯುವ ಬಿಗಿಯಿಂದಲೋ, ಉಸಿರಾಡುವ ಬಗೆಯಿಂದಲೋ, ಅದು ಇಲಿಗೆ ಹೇಗೆ ತಿಳಿಯಿತೆಂದು ನಮಗೆ ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ. ತಿಳಿದಿತ್ತು ಎನ್ನುವುದಷ್ಟೇ ಖಚಿತ. ಆ ಮಧ್ಯಾಹ್ನ ವಿದೋಸಾವಾ ಅವರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದಾಗ ಅವರ ಮುಖದಲ್ಲಿದ್ದದ್ದು ಗೆಲುವು. ಇದನ್ನು ಅವರೇ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಒಂದು ಕಗ್ಗಂಟು ಬಿಚ್ಚಿತ್ತು, ಅಳತೆ ಎರಡು ಸಲ ಒಂದೇ ಬಂದಿತ್ತು, ಇನ್ನು ಪ್ರಬಂಧ ಬರೆಯಬಹುದಾಗಿತ್ತು.

ರಾತೊಮಿರ್ ಅವರು ವಿಷಯ ಕೇಳಿ ತಮ್ಮ ಸ್ವಭಾವಕ್ಕೆ ತಕ್ಕಂತೆಯೇ ತೀರ್ಪು ಕೊಟ್ಟರು. ಹುಡುಗಿಯನ್ನು ಕಳಿಸಿಬಿಡಿ, ಕೆಟ್ಟ ಇಲಿಗಳ ಲೆಕ್ಕ ಬಿಟ್ಟು ಉಳಿದದ್ದನ್ನು ಅಚ್ಚು ಹಾಕಿಸಿ, ಯಾರು ಬಂದು ನೋಡುತ್ತಾರೆ ಎಂದರು. ವಿದೋಸಾವಾ ಅವರು ಎರಡಕ್ಕೂ ಒಪ್ಪಲಿಲ್ಲ. ಹುಡುಗಿ ಹೋದರೆ ನಾನೂ ಹೋಗುತ್ತೇನೆ ಎಂದು ಅವರ ಮೇಜಿನ ಮುಂದೆ ನಿಂತು ಹೇಳಿದರು. ಅವರು ಹಾಗೆ ಗಟ್ಟಿಯಾಗಿ ನಿಂತಿದ್ದರಿಂದಲೇ ಸ್ಮಿಲ್ಯಾಳ ಕೆಲಸ ಉಳಿಯಿತು. ಇದನ್ನು ಅವರ ಜೀವನದ ದೊಡ್ಡ ಉಪಕಾರಗಳಲ್ಲಿ ಒಂದೆಂದು ನಾವು ಎಣಿಸುತ್ತೇವೆ, ಅವರು ಎಣಿಸುವುದಿಲ್ಲ. ಕೆಲಸ ಉಳಿಸಿದೆ, ಇನ್ನು ಮಾಡುವುದೇನಿದೆ ಎಂದು ಅಂದುಕೊಂಡೆನಲ್ಲ, ಅಲ್ಲೇ ನಾನು ಕೆಟ್ಟೆ ಎಂಬುದು ಅವರ ಮಾತು.

ಅಂದು ಸಂಜೆ ಬೆಂಚಿನ ಬಳಿ ಸ್ಮಿಲ್ಯಾಳನ್ನು ಕರೆದು ಅವರು ಆಡಿದ ಮಾತುಗಳನ್ನು ಯಾಗೊದಾ ಕೇಳಿಸಿಕೊಂಡಿದ್ದಳು.

"ನಾಳೆಯಿಂದ ನೀನು ಎಡಗಡೆ ಸಾಲು ನೋಡ್ಕೊ ಸ್ಮಿಲ್ಯಾ. ಬಲಗಡೇದು ಪೂರ್ತಿ ಯಾಗೊದಾ ನೋಡ್ಕೋತಾಳೆ."

"ನನ್ನ ಕೈಯಿಂದ ಏನಾದ್ರೂ ಕೆಡ್ತಾ ಡಾಕ್ಟ್ರಮ್ಮ?"

"ನಿನ್ನ ತಪ್ಪಲ್ಲ. ಆ ಇಲಿಗಳಿಗೆ ಯಾಕೋ ನಿನ್ನ ಕೈ ಒಗ್ಗಲ್ಲ, ಅಷ್ಟೇ."

ಸ್ಮಿಲ್ಯಾ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳಂತೆ.

"ಎಡಗಡೆ ನಾನು ಮುಟ್ಟಿದ್ರೆ ಪರವಾಗಿಲ್ವಾ?"

"ಪರವಾಗಿಲ್ಲ. ಅಲ್ಲಿ ನಿನ್ನಿಂದ ಕೆಡೋದು ಏನೂ ಇಲ್ಲ."

"ಸರಿ ಡಾಕ್ಟ್ರಮ್ಮ" ಎಂದು ಹೇಳಿ ಅವಳು ಬಟ್ಟಲು ತೊಳೆಯಲು ಹೋದಳು.

ಮಾತಿನಲ್ಲಿ ಒರಟುತನವಿರಲಿಲ್ಲ, ಶಾಸ್ತ್ರದ ಪ್ರಕಾರ ತಪ್ಪೂ ಇರಲಿಲ್ಲ. ಒಬ್ಬಳು ಹೆಣ್ಣುಮಗಳ ಎದೆಯೊಳಗೆ ಏನಿದೆಯೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದಿದ್ದಾಗ ವಿದೋಸಾವಾ ಅವರೊಬ್ಬರಿಗೆ ಅದು ಇಲಿಯ ಮಿದುಳಿನ ಮೂಲಕ ತಿಳಿದಿತ್ತು. ತಿಳಿದದ್ದನ್ನು ಅವರು ಇಲಿಗಳಿಗಾಗಿ ಬಳಸಿದರು.

ಡಿಸೆಂಬರ್ ಬಂತು. ಸ್ಮಿಲ್ಯಾಳ ಮನೆಸಂತ ಸಂತ ನಿಕೋಲಾ, ಹತ್ತೊಂಬತ್ತನೆಯ ತಾರೀಕು. ಅದು ನಮಗೆಲ್ಲ ಗೊತ್ತಿತ್ತು, ಏಕೆಂದರೆ ಈ ಊರಿನ ಕಾಲುಭಾಗದ ಮನೆಗಳಿಗೆ ಅವನೇ ಸಂತ, ಆ ದಿನ ಯಾರ ಮನೆಗೆ ಮೊದಲು ಯಾರ ಮನೆಗೆ ಆಮೇಲೆ ಎಂಬ ಚರ್ಚೆ ಬೆಂಚಿನ ಮೇಲೆ ಪ್ರತಿವರ್ಷವೂ ನಡೆಯುತ್ತಿತ್ತು. ನನಗೂ ನಿಕೋಲಾನೇ ಎಂದು ಸ್ಮಿಲ್ಯಾ ಆ ಚರ್ಚೆಯ ನಡುವೆ ಹೇಳಿದ್ದಳು. ಅವಳಿಗೆ ಇರುವುದೇ ಅರ್ಧ ಕೋಣೆ, ಪಾಪ ಎಲ್ಲಿ ಹಬ್ಬ ಮಾಡುತ್ತಾಳೆ, ಹೋಗಿ ಯಾಕೆ ಮುಜುಗರಪಡಿಸಬೇಕು ಎಂದು ಒಬ್ಬೊಬ್ಬರೂ ಅವರವರ ಮನಸ್ಸಿನಲ್ಲೇ ಅಂದುಕೊಂಡೆವು. ಆ ದಿನ ವಿದೋಸಾವಾ ಅವರು ಪ್ರಬಂಧದ ಚಿತ್ರಗಳನ್ನು ಆರಿಸುತ್ತ ಸಂಸ್ಥೆಯಲ್ಲೇ ಉಳಿದರು.

ಮರುದಿನ ಸ್ಮಿಲ್ಯಾ ಹಬ್ಬದ ರೊಟ್ಟಿಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ತಂದಳು. ಮೇಲೆ ಹಿಟ್ಟಿನಲ್ಲೇ ತಿದ್ದಿದ ಶಿಲುಬೆ, ದ್ರಾಕ್ಷಿಗೊಂಚಲು. ಬಿಡಾರದ ಸಾಮೂಹಿಕ ಒಲೆಯಲ್ಲಿ ಸರದಿ ಕಾದು ಬೇಯಿಸಿದ್ದು, ಆದರೂ ಒಂದು ಬಿರುಕಿರಲಿಲ್ಲ. ಯಾಗೊದಾ ಪ್ರಯೋಗಾಲಯದ ಚಾಕುವಿನಿಂದ ಅದನ್ನು ಕೊಯ್ದು ಎಲ್ಲರಿಗೂ ಹಂಚಿದಳು. ಹಬ್ಬಕ್ಕೆ ಮಾಡುವ, ಅಕ್ರೋಟು ಬೆರೆಸಿ ಬೇಯಿಸಿದ ಗೋಧಿಯನ್ನೂ ಸ್ಮಿಲ್ಯಾ ತಂದಿದ್ದಳು. ವಿದೋಸಾವಾ ಅವರು ಒಂದು ಚಮಚ ಗೋಧಿ ಬಾಯಿಗೆ ಹಾಕಿಕೊಂಡು, ರೊಟ್ಟಿ ತುಂಬ ಚೆನ್ನಾಗಿ ಬಂದಿದೆ ಮಗೂ ಎಂದು ಬೆನ್ನು ತಟ್ಟಿ ಮೇಲಕ್ಕೆ ಹೋದರು. ನಾವೂ ತಿಂದೆವು, ಹೊಗಳಿದೆವು. ಹೇಗಿದ್ದೀಯ ಎಂದು ಯಾರೋ ಕೇಳಿದರು, ಚೆನ್ನಾಗಿದ್ದೀನಿ ಎಂದಳು.

ಹಬ್ಬದ ಮರುದಿನ ಇಡೀ ರೊಟ್ಟಿ ಎಲ್ಲಿಂದ ಬಂತು ಎಂದು ನಾವು ಒಬ್ಬರೂ ಕೇಳಲಿಲ್ಲ. ಒಬ್ಬರೇ ತಿರುಗಿಸಿ ಮುರಿಯುವ ರೊಟ್ಟಿಯಲ್ಲ ಅದು. ಮುರಿದಿಲ್ಲವೆಂದರೆ ಆ ಮನೆಗೆ ಯಾರೂ ಬಂದಿಲ್ಲವೆಂದೇ ಅರ್ಥ. ಮೂರು ವರ್ಷದ ಮಗುವಿಗೂ ನಮ್ಮಲ್ಲಿ ಇದು ಗೊತ್ತು.

ಜನವರಿಯಲ್ಲಿ, ಹಳೆಯ ಪಂಚಾಂಗದ ಪ್ರಕಾರ ಏಳರಂದು ಬರುವ ನಮ್ಮ ಕ್ರಿಸ್ಮಸ್ ಕಳೆದ ವಾರ, ಸ್ಮಿಲ್ಯಾ ಕೆಲಸಕ್ಕೆ ಬರಲಿಲ್ಲ. ಬರದೆ ಉಳಿದದ್ದು ಅದೇ ಮೊದಲು. ಸಾವಾ ನದಿಯಲ್ಲಿ ಅವಳು ಸಿಕ್ಕಳೆಂದು ಪೊಲೀಸಿನವರು ಸಂಸ್ಥೆಗೇ ಬಂದು ತಿಳಿಸಿದರು, ತಿಳಿಸಲು ಬೇರೆ ವಿಳಾಸವಿರಲಿಲ್ಲ. ಎಡಗಡೆ ಸಾಲಿನ ಇಲಿಗಳಿಗೆ ಹಿಂದಿನ ಸಂಜೆ ನೀರು ತುಂಬಿಸಿ, ಬಟ್ಟಲನ್ನು ತೊಳೆದು ಬೋರಲು ಹಾಕಿ, ವಿದೋಸಾವಾ ಅವರ ಉಣ್ಣೆಯ ಕೋಟನ್ನು ಒಗೆದು ಮಡಿಸಿ ಬೆಂಚಿನ ಮೇಲಿಟ್ಟು ಹೋಗಿದ್ದಳು.

ಬಿಡಾರಕ್ಕೆ ಹೋಗಿ ಅವಳ ಸಾಮಾನು ತಂದವಳು ಯಾಗೊದಾ. ಪರದೆಯಾಚೆಯ ಮುದುಕಿ ಅವಳಿಗೆ ಹಬ್ಬದ ದಿನದ ಕತೆ ಹೇಳಿದ್ದಳು. ಹುಡುಗಿ ಬೆಳಗ್ಗೆಯೇ ಮೇಜಿಗೆ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ, ಎಲ್ಲಿಂದಲೋ ಬಟ್ಟಲುಗಳನ್ನು ಕಡ ತಂದು ಜೋಡಿಸಿಕೊಂಡು ಕೂತಿದ್ದಳಂತೆ. ಬತ್ತಿ ಪೂರ್ತಿ ಉರಿಯುವವರೆಗೂ ಕೂತಿದ್ದಳಂತೆ. ನಿನ್ನ ಕೆಲಸದ ಕಡೆಯವರನ್ನು ಕರೆದಿದ್ದೆಯಾ ಎಂದು ಮುದುಕಿ ಕೇಳಿದ್ದಕ್ಕೆ, ಕರೆಯೋ ಹಾಗಿಲ್ವಲ್ಲ ಅಜ್ಜಿ, ಅವರಿಗೆ ಗೊತ್ತು ಎಂದಿದ್ದಳಂತೆ.

ಯಾಗೊದಾ ಇದನ್ನು ಬೆಂಚಿನ ಮೇಲೆ ಕೂತು ಹೇಳಿದಾಗ ವಿದೋಸಾವಾ ಅವರು ನಿಂತೇ ಇದ್ದರು. ಅವರು ಅಳಲಿಲ್ಲ. ಮುರಿದಿರಲಿಲ್ಲ, ಇಡೀ ರೊಟ್ಟಿ, ನಾನು ನೋಡಿದೆ ಎಂದಷ್ಟೇ ಅಂದರು. ಬಿಚ್ಚದ ಚೀಲಗಳನ್ನು ಸಾವಿರಗಟ್ಟಲೆ ಗುರುತಿಸಿದ ಕಣ್ಣು ಅದು.

ಮುಂದಿನ ವರ್ಷ ಪ್ರಕಟವಾದ ಆ ಪ್ರಬಂಧ ಅವರಿಗೆ ದೇಶವಿದೇಶಗಳಲ್ಲಿ ಹೆಸರು ತಂದಿತು. ಪ್ರಾಣಿಗಳನ್ನು ಮುಟ್ಟುವವರ ಮನಸ್ಥಿತಿ ಪ್ರಯೋಗದ ಫಲವನ್ನೇ ತಿರುಗಿಸಬಹುದು ಎಂಬ ಮಾತನ್ನು ಅನೇಕರು ಆಮೇಲೆ ಅವರ ಹೆಸರಿನಲ್ಲಿ ಉದ್ಧರಿಸಿದ್ದಾರೆ. ಲೇಖಕರ ಹೆಸರುಗಳಲ್ಲಿ ಮೊದಲನೆಯದು ವುಕೊಬ್ರಾತ್. ರಾತೊಮಿರ್ ಅವರು ಇದನ್ನು ಭಾವುಕತೆ ಎಂದರು. ಈ ಪ್ರಬಂಧದಲ್ಲಿ ಕೆಲಸ ಮಾಡಿದ್ದು ಅವಳ ಕೈ, ನಾನು ಎಣಿಸಿದೆ ಅಷ್ಟೇ ಎಂದು ವಿದೋಸಾವಾ ಅವರು ಉತ್ತರಿಸಿದರು. ಆ ಹಟಕ್ಕೆ ತೆತ್ತ ಬೆಲೆಯೂ ಇತ್ತು. ಪ್ರಾಧ್ಯಾಪಕ ಪದವಿ ಅವರನ್ನು ದಾಟಿಕೊಂಡು ಕಿರಿಯರಿಗೆ ಹೋಯಿತು, ಅವರು ಸಹಾಯಕ ಸ್ಥಾನದಲ್ಲೇ ಉಳಿದು ಈಗ ನಿವೃತ್ತರಾಗುತ್ತಿದ್ದಾರೆ.

ಬೆಂಚಿನ ಪದ್ಧತಿಯೂ ಆ ಚಳಿಗಾಲದಲ್ಲೇ ಬದಲಾಯಿತು. ಚೆನ್ನಾಗಿಲ್ಲ ಎಂದವರನ್ನು ಎದ್ದು ಹೋಗಲು ಬಿಡಬಾರದು, ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು, ಎಷ್ಟು ಹೊತ್ತಾದರೂ ಸರಿ. ಯಾವಾಗಲೂ ಚೆನ್ನಾಗಿದ್ದೀನಿ ಎನ್ನುವವರ ಪಕ್ಕದಲ್ಲಿ ಇನ್ನೂ ಹೆಚ್ಚು ಹೊತ್ತು ಕೂರಬೇಕು. ಇದರಿಂದ ಕೆಲಸ ಕೆಟ್ಟ ದಿನಗಳುಂಟು, ಪ್ರಯೋಗಗಳು ಹಾಳಾದದ್ದೂ ಉಂಟು. ತೊಂಬತ್ತೊಂಬತ್ತರ ವಸಂತದಲ್ಲಿ ಬಾಂಬು ಬೀಳುತ್ತಿದ್ದಾಗ ನೆಮ್ಮದಿಯ ಸಾಲೆಂಬುದೇ ಇಲ್ಲದೆ ಹೋಯಿತು, ಬೆಂಚು ಮಾತ್ರ ತುಂಬಿರುತ್ತಿತ್ತು. ಗಂಡ ಬಿಟ್ಟುಹೋದವರು, ಮಗ ಸೈನ್ಯಕ್ಕೆ ಹೋದವರು, ಹೆಸರಿಲ್ಲದ ಭಾರ ಹೊತ್ತವರು ಅಲ್ಲಿ ಕೂತರು. ಪಕ್ಕದಲ್ಲಿ ವಿದೋಸಾವಾ ಅವರು ಕೂತರು. ಅವರು ಸಮಾಧಾನ ಹೇಳಿದ್ದನ್ನು ನಾವು ಕೇಳಿಲ್ಲ. ಕೂರುತ್ತಿದ್ದರು. ಈ ಲೇಖನ ಬರೆಯುವ ಕೈಯೂ ಅಂಥದೊಂದು ಬೆಳಗ್ಗೆ ಅವರ ಕೈಯೊಳಗೆ ಇದ್ದದ್ದುಂಟು.

ಒಂದು ವಿಷಯವನ್ನು ನಾವು ಗಮನಿಸಿದ್ದೆವು, ಅರ್ಥ ಮಾಡಿಕೊಂಡಿರಲಿಲ್ಲ. ಆ ಜನವರಿಯಿಂದ ಈಚೆಗೆ ವಿದೋಸಾವಾ ಅವರು ನೆಮ್ಮದಿಯ ಸಾಲಿನ ಒಂದು ಇಲಿಯನ್ನೂ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ಹೊರಟುಬಿಡುತ್ತಿದ್ದರು. ಬಗ್ಗಿ ಬಗ್ಗಿ ಬೆನ್ನು ಹೋಗಿದೆ ಎಂದು ಒಬ್ಬರು, ದೊಡ್ಡವರಾದ ಮೇಲೆ ಇಲಿ ಯಾಕೆ ಹಿಡಿಯುತ್ತಾರೆ ಎಂದು ಇನ್ನೊಬ್ಬರು ಹೇಳುತ್ತಿದ್ದರು.

ಬೀಳ್ಕೊಡುಗೆಯ ದಿನ ಮೇಲಿನ ಸಭಾಂಗಣದಲ್ಲಿ ಹೂಗುಚ್ಛ, ಸಾರಾಯಿ, ಭಾಷಣ ಎಲ್ಲ ಸಿದ್ಧವಾಗಿದ್ದಾಗ ಅವರು ಕಾಣಲಿಲ್ಲ. ಹುಡುಕಿಕೊಂಡು ಇಳಿದರೆ ಬೆಂಚಿನ ಮೇಲೆ ಕೂತಿದ್ದರು. ಯಾಗೊದಾ ಕಾಫಿ ಕಾಸುತ್ತಿದ್ದಳು. ಅವಳಿಗೂ ಕೂದಲು ಪೂರ್ತಿ ಬೆಳ್ಳಗಾಗಿದೆ, ಪಿಂಚಣಿ ಬಂದ ಮೇಲೂ ಬರುವುದನ್ನು ಬಿಟ್ಟಿಲ್ಲ. ಕೊನೆಯ ಸಲ ಒಳಗೆ ಹೋಗಿ ಬಲಗಡೆಯ ಇಲಿಯೊಂದನ್ನು ಎತ್ತಿಕೊಂಡು ಬನ್ನಿ ಎಂದು ಅವಳೇ ಹೇಳಿದಳಂತೆ, ಹಾಗೆಯೇ ಪದ್ಧತಿಯ ಪ್ರಕಾರ ಬಟ್ಟಲು ಕೊಟ್ಟು ಕೇಳಿದಳಂತೆ.

"ಹೇಗಿದ್ದೀರಾ ಡಾಕ್ಟ್ರಮ್ಮ?"

"ಚೆನ್ನಾಗಿಲ್ಲ."

ಅಷ್ಟು ವರ್ಷಗಳಲ್ಲಿ ಆ ಉತ್ತರ ಅವರ ಬಾಯಿಂದ ಬಂದದ್ದು ಅದೇ ಮೊದಲು. ಯಾಗೊದಾ ಒಲೆ ಆರಿಸಿ ಪಕ್ಕದಲ್ಲಿ ಕೂತಳು.

"ಯಾವಾಗಿಂದ?"

"ನಿಂಗೊತ್ತಲ್ಲ ಯಾವಾಗಿಂದ ಅಂತ. ಪ್ರತಿ ನಿಕೋಲಾ ಹಬ್ಬಕ್ಕೂ ಅವಳ ರೊಟ್ಟಿ ಮಾಡ್ತೀನಿ. ಬತ್ತಿ ಹಚ್ತೀನಿ. ರೊಟ್ಟಿ ಮುರಿಯೋಕೆ ಒಂದೇ ಕೈಯಲ್ಲಿ ಆಗಲ್ಲ. ಹಾಗೇ ಇಟ್ಟಿರ್ತೀನಿ."

"ಇಷ್ಟು ವರ್ಷ ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲ ವಿದಾ ನೀನು?"

"ಕರೆಯೋ ಹಾಗಿಲ್ವಲ್ಲ."

ಯಾಗೊದಾ ತನ್ನ ಡಾಕ್ಟ್ರಮ್ಮನನ್ನು ವಿದಾ ಎಂದು ಹೆಸರು ಹಿಡಿದು, ನೀನು ಎಂದು ಕರೆದದ್ದೂ ಅದೇ ಮೊದಲು. ಇಬ್ಬರೂ ಅಲ್ಲಿಯೇ ಕೂತರು. ಮೆಟ್ಟಿಲ ಮೇಲಿದ್ದ ನಾವು ಸದ್ದಿಲ್ಲದೆ ಹಿಂದಿರುಗಿ, ಸಭೆ ತಡವಾಗುತ್ತದೆಂದು ಮೇಲೆ ತಿಳಿಸಿದೆವು. ಭಾಷಣಗಳು ಆ ದಿನ ನಡೆಯಲೇ ಇಲ್ಲ.

ಅಭಿನಂದನೆಯ ಮಾತು ಹಾರೈಕೆಯಲ್ಲಿ ಮುಗಿಯಬೇಕು. ಡಾ. ವಿದೋಸಾವಾ ಪ್ರೊದಾನೊವಿಚ್ ಅವರು ಬಹುಕಾಲ ಬಾಳಲಿ. ಅವರ ಕಣ್ಣು ಮಂದವಾಗದಿರಲಿ. ಅರ್ಧಕ್ಕೆ ನಿಂತ ಗುಡಿಸುವ ಕೆಲಸ ಮತ್ತೆ ಶುರುವಾಗುವುದು ಹೇಗೆಂಬ, ಅವರು ಬಿಟ್ಟುಹೋಗುತ್ತಿರುವ ಪ್ರಶ್ನೆಗೆ ಅವರ ಶಿಷ್ಯರು ಉತ್ತರ ಹುಡುಕಲಿ, ಅದನ್ನು ಎರಡು ಸಲ ಅಳೆದು ನೋಡುವ ಆಯುಸ್ಸು ಅವರಿಗಿರಲಿ. ಇದರ ಜೊತೆಗೆ ಇನ್ನೊಂದು ವಿಷಯವನ್ನೂ ಅಚ್ಚಿನಲ್ಲಿ ದಾಖಲಿಸಬೇಕಾಗಿದೆ. ಅವರ ಮನೆ ಇದೇ ಊರಿನ ಡೊರ್ಚೊಲ್‌ನಲ್ಲಿ, ಹಳೆಯ ಬೇಕರಿಯ ಮೇಲಿನ ಮಹಡಿ, ಹಸಿರು ಬಾಗಿಲು. ದಿನ ಡಿಸೆಂಬರ್ ಹತ್ತೊಂಬತ್ತು. ಇದು ಆಮಂತ್ರಣವಲ್ಲ, ಆ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಗೊತ್ತಿದ್ದವರು ಹೋಗಬೇಕು. ಈಗ ನಿಮಗೂ ಗೊತ್ತು.